ಸೀಸನ್ ಕೊನೆಗೆ ಮಕ್ಕಳು ಮಂಕಾಗುವುದೇಕೆ? ‘ಛಲ ಇಲ್ಲ’ ಎನ್ನುವ ಮೊದಲು ಇದನ್ನು ಓದಿ

ಬೆಳಿಗ್ಗೆ ಎದ್ದು ಮೊಬೈಲ್ ತೆಗೆದರೆ ಗ್ರೂಪಿನಲ್ಲಿ ಒಂದು ಸಂದೇಶ ಬಂದು ಕೂತಿರುತ್ತದೆ. ಓಡುತ್ತಿರುವ ಹುಡುಗನ ಚಿತ್ರ, ಹಿಂದೆ ಸೂರ್ಯೋದಯ, ಮೇಲೆ ದಪ್ಪ ಅಕ್ಷರದಲ್ಲಿ ಎರಡು ಸಾಲು. ದಣಿವು ಎನ್ನುವುದು ಬರೀ ಮನಸ್ಸಿನ ಭ್ರಮೆ, ಗೆಲ್ಲುವವರಿಗೆ ಸುಸ್ತಾಗುವುದೇ ಇಲ್ಲ ಎಂಬುದು ಅದರ ಸಾರಾಂಶ. ದೊಡ್ಡವರು ಓದಿ, ಕೈಮುಗಿಯುವ ಇಮೋಜಿ ಹಾಕಿ ಮುಂದೆ ಕಳಿಸಿದರೆ ಅಂಥ ನಷ್ಟವೇನಿಲ್ಲ. ಆದರೆ ಇದೇ ಸಂದೇಶ ಶಾಲಾ ತಂಡದ ಗ್ರೂಪಿಗೂ ಹೋಗುತ್ತದೆ. ಅಲ್ಲಿ ಅದನ್ನು ಓದುವವರು 13-14 ವರ್ಷದ ಮಕ್ಕಳು, ಅವರ ಅಪ್ಪ-ಅಮ್ಮ ಮತ್ತು ಪಿ.ಟಿ. ಮೇಷ್ಟ್ರು.

ನಮ್ಮ ರಾಜ್ಯದ ಶಾಲಾ ಕ್ರೀಡಾಕೂಟಗಳ ಕ್ರಮ ನಿಮಗೆ ಗೊತ್ತೇ ಇದೆ. ಮೊದಲು ಹೋಬಳಿ ಅಥವಾ ವಲಯ ಮಟ್ಟ, ಆಮೇಲೆ ತಾಲ್ಲೂಕು, ಜಿಲ್ಲೆ, ವಿಭಾಗ, ಕೊನೆಗೆ ರಾಜ್ಯ. ಒಂದೊಂದೇ ಮಟ್ಟ ಗೆಲ್ಲುತ್ತಾ ಹೋದ ಮಗುವಿಗೆ ರಾಜ್ಯ ಮಟ್ಟ ಹತ್ತಿರ ಬರುವಷ್ಟರಲ್ಲಿ ತಿಂಗಳುಗಟ್ಟಲೆ ಓಡಾಟ ಆಗಿರುತ್ತದೆ. ಶುರುವಿನಲ್ಲಿ ಎಲ್ಲರಿಗಿಂತ ಮುಂಚೆ ಮೈದಾನಕ್ಕೆ ಬರುತ್ತಿದ್ದ ಹುಡುಗಿ ಈಗ ಹೊಟ್ಟೆನೋವು ಎಂದು ಮಲಗುತ್ತಾಳೆ. ಉದ್ದ ಜಿಗಿತದಲ್ಲಿ ಆಗಸ್ಟ್‌ನಲ್ಲಿ ಹಾರಿದಷ್ಟು ದೂರವನ್ನು ಹುಡುಗ ನವೆಂಬರ್‌ನಲ್ಲಿ ಮುಟ್ಟುತ್ತಿಲ್ಲ. ಆಗ ಮನೆಯಲ್ಲೂ ಮೈದಾನದಲ್ಲೂ ಬರುವ ಮಾತು ಒಂದೇ: ‘ಛಲ ಹೋಯ್ತು’, ‘ಗೆದ್ದು ತಲೆ ತಿರುಗಿದೆ’, ‘ಮೊಬೈಲ್ ಹುಚ್ಚು ಹಿಡಿದಿದೆ’.

ಹಾಗಾದರೆ ಸೀಸನ್ ಕೊನೆಯಲ್ಲಿ ಮಗು ಹಿಂದೆ ಬೀಳುವುದಕ್ಕೆ ಛಲದ ಕೊರತೆಯೇ ಕಾರಣವೇ? ಗದರಿಕೆ, ಭಾಷಣ ಅಥವಾ ದೊಡ್ಡ ಬಹುಮಾನ ಅದಕ್ಕೆ ಮದ್ದೇ? ಕ್ರೀಡಾ ವೈದ್ಯರು ಮತ್ತು ಕ್ರೀಡಾ ಮನೋವಿಜ್ಞಾನಿಗಳು ಈ ಬಗ್ಗೆ ಏನು ಕಂಡುಕೊಂಡಿದ್ದಾರೆ ಎಂದು ನಾವು ಹುಡುಕಿ ಓದಿದೆವು. ಚಿಕ್ಕ ಉತ್ತರ: ಬಹುತೇಕ ಸಲ ಅಲ್ಲ. ಮಗುವಿನ ‘ಮನಸ್ಸಿಲ್ಲ’ ಎನ್ನುವುದು ಎಷ್ಟೋ ಸಲ ದೇಹ ಕಳಿಸುತ್ತಿರುವ ಸಂದೇಶ. ಅದನ್ನು ಓದದೆ ಹುರಿದುಂಬಿಸಲು ಹೊರಟರೆ ಮಗು ಆಟವನ್ನೇ ಬಿಡಬಹುದು, ಇಲ್ಲವೇ ಕಾಯಿಲೆ ಬೀಳಬಹುದು.

ಮೊದಲು ರಕ್ತ, ಆಮೇಲೆ ಛಲ

ಎಲ್ಲಕ್ಕಿಂತ ಮುಂಚೆ ರಕ್ತಹೀನತೆಯ ಮಾತು ಹೇಳಲೇಬೇಕು. ‘ಮೋಟಿವೇಶನ್’ ಬಗ್ಗೆ ಬರುವ ಫಾರ್ವರ್ಡ್‌ಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಹುಡುಗರಲ್ಲಿ ಶೇ. 31. ಅಂದರೆ ಹತ್ತು ಹುಡುಗಿಯರಲ್ಲಿ ಆರು ಮಂದಿ. ನಿಮ್ಮೂರಿನ ಹೈಸ್ಕೂಲಿನ ಕೊಕ್ಕೊ ತಂಡವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ.

ಇದಕ್ಕೂ ಓಟಕ್ಕೂ ಏನು ಸಂಬಂಧ? ನಾವು ಉಸಿರಾಡಿದ ಆಮ್ಲಜನಕವನ್ನು ಸ್ನಾಯುಗಳಿಗೆ ಹೊತ್ತು ತರುವುದು ರಕ್ತದಲ್ಲಿರುವ ಹಿಮೋಗ್ಲೋಬಿನ್. ಅದು ತಯಾರಾಗಲು ಕಬ್ಬಿಣದ ಅಂಶ ಬೇಕು. ಕಬ್ಬಿಣ ಕಡಿಮೆಯಾದಾಗ ಹೃದಯ ಜೋರಾಗಿ ಬಡಿದುಕೊಂಡರೂ ಕಾಲಿಗೆ ಸಾಕಷ್ಟು ಆಮ್ಲಜನಕ ಸಿಗುವುದಿಲ್ಲ. ಬೇಗ ಏದುಸಿರು, ತಲೆಸುತ್ತು, ಕಾಲು ಭಾರ, ಪಾಠದಲ್ಲೂ ಗಮನ ನಿಲ್ಲದಿರುವುದು. ಬೆಳೆಯುವ ವಯಸ್ಸಿನಲ್ಲಿ ಕಬ್ಬಿಣದ ಅಗತ್ಯವೇ ಹೆಚ್ಚು. ಹುಡುಗಿಯರಿಗೆ ಪ್ರತಿ ತಿಂಗಳು ಮುಟ್ಟಿನಲ್ಲಿ ಒಂದಷ್ಟು ಹೋಗುತ್ತದೆ. ಅದರ ಮೇಲೆ ತಿಂಗಳುಗಟ್ಟಲೆ ಕಠಿಣ ಅಭ್ಯಾಸ. ಹಾಗಾಗಿ ಜೂನ್‌ನಲ್ಲಿ ಹೇಗೋ ನಿಭಾಯಿಸುತ್ತಿದ್ದ ಹುಡುಗಿ ನವೆಂಬರ್‌ನಲ್ಲಿ ಸೋತುಹೋಗಬಹುದು. ಹೊರಗಿನಿಂದ ನೋಡುವವರಿಗೆ ಇದೆಲ್ಲ ಸೋಮಾರಿತನದ ಹಾಗೆಯೇ ಕಾಣುತ್ತದೆ.

ಪತ್ತೆ ಹಚ್ಚುವುದು ಕಷ್ಟವಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬಹುದು. 12ರಿಂದ 14 ವರ್ಷದ ಮಕ್ಕಳಿಗೆ ಮತ್ತು ಅದಕ್ಕಿಂತ ದೊಡ್ಡ ಹುಡುಗಿಯರಿಗೆ 12 ಗ್ರಾಂಗಿಂತ, 15 ದಾಟಿದ ಹುಡುಗರಿಗೆ 13 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ಲೆಕ್ಕ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ಇರುವುದು ಇದಕ್ಕೇ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಇರುತ್ತದೆ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಎಂದು ಎಷ್ಟೋ ಮಕ್ಕಳು ಅದನ್ನು ಕಿಟಕಿಯಿಂದ ಎಸೆಯುತ್ತಾರೆ. ಮಲ ಕಪ್ಪಾಗುವುದು ಕಬ್ಬಿಣದಿಂದಲೇ, ಅದರಿಂದ ಅಪಾಯವಿಲ್ಲ. ಊಟದ ನಂತರ ನುಂಗಿದರೆ ಹೊಟ್ಟೆ ತೊಳಸುವುದೂ ಕಡಿಮೆ. ಆದರೆ ಪರೀಕ್ಷೆಯಲ್ಲಿ ರಕ್ತಹೀನತೆ ಕಂಡುಬಂದರೆ ವಾರಕ್ಕೊಂದು ಮಾತ್ರೆ ಸಾಲದು. ಎಷ್ಟು ಬೇಕು, ಎಷ್ಟು ದಿನ ಬೇಕು ಎನ್ನುವುದನ್ನು ವೈದ್ಯರೇ ಹೇಳಬೇಕು.

ಇಲ್ಲೇ ಇನ್ನೊಂದು ಫಾರ್ವರ್ಡ್ ಬಗ್ಗೆಯೂ ಹೇಳಿಬಿಡುತ್ತೇವೆ. ಬೀಟ್‌ರೂಟ್ ಕೆಂಪಗಿದೆ, ಹಾಗಾಗಿ ರಕ್ತ ಹೆಚ್ಚಿಸುತ್ತದೆ ಎನ್ನುವುದು. ಅದರ ಕೆಂಪು ಬೀಟಾಲೇನ್ ಎಂಬ ಬಣ್ಣದ ಅಂಶದ್ದು, ರಕ್ತಕ್ಕೂ ಅದಕ್ಕೂ ಸಂಬಂಧವಿಲ್ಲ. 100 ಗ್ರಾಂ ಬೀಟ್‌ರೂಟ್‌ನಲ್ಲಿ ಕಬ್ಬಿಣ ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ. ಪಲ್ಯ ರುಚಿಯಾಗಿದ್ದರೆ ತಿನ್ನಲಿ, ಮದ್ದೆಂದು ನಂಬಿ ಕೂರುವುದು ಬೇಡ. ಕಾಳು, ಸೊಪ್ಪು, ಮಾಂಸ ತಿನ್ನುವವರಿಗೆ ಮಾಂಸ, ಊಟದ ಜೊತೆ ನಿಂಬೆಹಣ್ಣು ಅಥವಾ ನೆಲ್ಲಿಕಾಯಿ ಇದಕ್ಕಿಂತ ಒಳ್ಳೆಯದು. ಊಟದ ಜೊತೆಗೇ ಟೀ, ಕಾಫಿ ಕುಡಿದರೆ ಕಬ್ಬಿಣ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ.

ಹುಡುಗಿಯರ ವಿಷಯದಲ್ಲಿ ಇನ್ನೊಂದು ಮಾತು. ಅಭ್ಯಾಸ ಜೋರಾದಾಗ ಕೆಲವರಿಗೆ ಮುಟ್ಟು ನಿಂತುಹೋಗುತ್ತದೆ. ‘ಆಟಗಾರ್ತಿಯರಿಗೆ ಹಾಗೆಯೇ’ ಎಂದು ಸುಮ್ಮನಾಗುವವರಿದ್ದಾರೆ. ಕೆಲವು ಹುಡುಗಿಯರಿಗೆ ಸ್ಪರ್ಧೆಯ ದಿನಗಳಲ್ಲಿ ಅದೇ ಅನುಕೂಲ ಅನ್ನಿಸುವುದೂ ಉಂಟು. ಹಲವು ಸಲ ಇದರ ಅರ್ಥ, ಓಡಿದಷ್ಟು ಊಟ ಸಿಗುತ್ತಿಲ್ಲ ಎಂದು. ದೇಹ ಶಕ್ತಿ ಉಳಿಸಲು ಒಂದೊಂದೇ ಕೆಲಸ ನಿಲ್ಲಿಸುತ್ತದೆ, ಮೂಳೆ ಸವೆಯುತ್ತದೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಈ ಸ್ಥಿತಿಗೆ ಪ್ರತ್ಯೇಕ ಹೆಸರನ್ನೇ ಕೊಟ್ಟರು, ಹುಡುಗರಲ್ಲೂ ಇದು ಆಗುತ್ತದೆ ಎಂದು ಎಚ್ಚರಿಸಿದರು. ಮೂರು ತಿಂಗಳು ಮುಟ್ಟಾಗದಿದ್ದರೆ ವೈದ್ಯರನ್ನು ಕಾಣಲೇಬೇಕು. ಪಿ.ಟಿ. ಮೇಷ್ಟ್ರ ಹತ್ತಿರ ಹುಡುಗಿ ಇದನ್ನು ಹೇಳುವುದಿಲ್ಲ. ಅಮ್ಮನೋ ಅಕ್ಕನೋ ಟೀಚರೋ ತಾವಾಗಿಯೇ ಕೇಳಬೇಕು.

ರಾಜ್ಯ ಮಟ್ಟ ಬಂತು, ಪ್ರಾಕ್ಟೀಸ್ ಡಬಲ್?

ದೊಡ್ಡ ಸ್ಪರ್ಧೆ ಹತ್ತಿರ ಬಂದಾಗ ಬೆಳಿಗ್ಗೆ ಒಂದು ಸಲ ಇದ್ದ ಅಭ್ಯಾಸ ಬೆಳಿಗ್ಗೆ-ಸಂಜೆ ಆಗಿಬಿಡುತ್ತದೆ. ಪರೀಕ್ಷೆಗೆ ಓದಿದ ಹಾಗೆ ಕೊನೆಗೆ ಜಾಸ್ತಿ ತುಂಬಿಸಿದರೆ ಜಾಸ್ತಿ ಬರುತ್ತದೆ ಎಂಬ ಲೆಕ್ಕ ಇದು. ದೇಹ ಹಾಗೆ ಕೆಲಸ ಮಾಡುವುದಿಲ್ಲ. ಅಭ್ಯಾಸದಲ್ಲಿ ಸ್ನಾಯುಗಳು ದಣಿಯುತ್ತವೆ, ಸಣ್ಣಪುಟ್ಟ ಹಾನಿಯೂ ಆಗುತ್ತದೆ. ಅವು ರಿಪೇರಿಯಾಗಿ ಮೊದಲಿಗಿಂತ ಗಟ್ಟಿಯಾಗುವುದು ವಿಶ್ರಾಂತಿಯಲ್ಲಿ.

ಸ್ಪರ್ಧೆಗೆ ಮುನ್ನ ಅಭ್ಯಾಸ ತಗ್ಗಿಸುವುದರ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2007ರಲ್ಲಿ ಪ್ರಕಟವಾಯಿತು. ಕೊನೆಯ ಸುಮಾರು ಎರಡು ವಾರ ಅಭ್ಯಾಸದ ಒಟ್ಟು ಪ್ರಮಾಣವನ್ನು ಶೇ. 41ರಿಂದ 60ರಷ್ಟು ಇಳಿಸಿ, ವೇಗವನ್ನು ಮಾತ್ರ ಹಾಗೇ ಉಳಿಸಿಕೊಂಡವರಿಗೆ ಹೆಚ್ಚು ಲಾಭವಾಗಿತ್ತು. ಅವರು ಪಳಗಿದ ಕ್ರೀಡಾಪಟುಗಳು, ಶಾಲಾ ಮಕ್ಕಳಲ್ಲ, ಹಾಗಾಗಿ ಅದೇ ಅಂಕಿಯನ್ನು ಹಿಡಿದು ಕೂರಬೇಕಿಲ್ಲ. ಆದರೆ ದಿಕ್ಕು ಸ್ಪಷ್ಟವಾಗಿದೆ. ಹತ್ತು ಸಲ ಓಡಿಸುತ್ತಿದ್ದಲ್ಲಿ ಐದಾರು ಸಲ ಸಾಕು, ಓಡುವುದು ಮಾತ್ರ ಪೂರ್ತಿ ವೇಗದಲ್ಲಿ. ವಾರಪೂರ್ತಿ ಸುಸ್ತಾಗಿ ಕಾಲೆಳೆಯುತ್ತಿದ್ದ ಮಗು ತನ್ನ ಹಳೆಯ ವೇಗವನ್ನು ಮತ್ತೆ ಕಂಡಾಗ ಮುಖದಲ್ಲಿ ಬರುವ ಕಳೆ ಯಾವ ಭಾಷಣದಿಂದಲೂ ಬರುವುದಿಲ್ಲ.

ನಿದ್ದೆ ಇನ್ನೊಂದು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ನಿದ್ರಾ ತಜ್ಞರು ಹೇಳುತ್ತಾರೆ. ಬೆಳಿಗ್ಗೆ 5ಕ್ಕೆ ಏಳಬೇಕಾದ ಮಗು ಟ್ಯೂಷನ್, ಹೋಂವರ್ಕ್ ಮುಗಿಸಿ 11ಕ್ಕೆ ಮಲಗಿದರೆ ಆಯಿತಲ್ಲ ಲೆಕ್ಕ. 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 112 ಶಾಲಾ ಕ್ರೀಡಾಪಟುಗಳನ್ನು ಗಮನಿಸಿದಾಗ, 8 ಗಂಟೆಗಿಂತ ಕಡಿಮೆ ಮಲಗುವವರಿಗೆ ಗಾಯವಾಗುವ ಸಾಧ್ಯತೆ ಉಳಿದವರಿಗಿಂತ 1.7 ಪಟ್ಟು ಇತ್ತು. ಬೆಳಗಿನ ಅಭ್ಯಾಸವನ್ನು ವಾರದಲ್ಲಿ ಎರಡು ದಿನ ಬಿಟ್ಟರೂ ಸಾಕಷ್ಟು ವ್ಯತ್ಯಾಸವಾಗುತ್ತದೆ.

ಗ್ಲೂಕೋಸ್ ಪುಡಿ ವಿಷಯ ಕೇಳುವವರಿದ್ದೀರಿ. ಬರಿಹೊಟ್ಟೆಯಲ್ಲಿ ಬಸ್ಸು ಹತ್ತಿ ಬಂದು ಮಧ್ಯಾಹ್ನದವರೆಗೆ ಹೀಟ್ಸ್‌ಗಾಗಿ ಕಾಯುವ ಮಗುವಿಗೆ ಅದರಿಂದ ಆ ಕ್ಷಣಕ್ಕೆ ಸಹಾಯವಾದೀತು. ತಿಂಗಳುಗಟ್ಟಲೆ ಸೇರಿದ ದಣಿವಿಗೆ ಅದು ಏನೂ ಮಾಡುವುದಿಲ್ಲ. ಡಬ್ಬಿಯಲ್ಲಿ ಚಿತ್ರಾನ್ನ, ಎರಡು ಬಾಳೆಹಣ್ಣು, ಒಂದು ಬಾಟಲಿ ನೀರು ಕಳಿಸಿ.

ಬೆಳೆಯುವ ಮಗುವಿಗೆ ಇನ್ನೊಂದು ಕಷ್ಟವಿದೆ. ಕೆಲವೇ ತಿಂಗಳಲ್ಲಿ ಸರ್ರನೆ ಎತ್ತರವಾದಾಗ ಕೈಕಾಲಿನ ಹಿಡಿತ ಕೆಲಕಾಲ ತಪ್ಪುತ್ತದೆ. ಹಿಮ್ಮಡಿ ಅಥವಾ ಮಂಡಿ ಚಿಪ್ಪಿನ ಕೆಳಗೆ ನೋವು ಬರುತ್ತದೆ, ಏಕೆಂದರೆ ಅಲ್ಲಿನ ಮೂಳೆ ಇನ್ನೂ ಬಲಿಯುತ್ತಿರುತ್ತದೆ. ಇದು ನಾಟಕವಲ್ಲ. ನೋವು ವಾರಗಟ್ಟಲೆ ಇದ್ದರೆ, ಕುಂಟುತ್ತಿದ್ದರೆ, ಊದಿಕೊಂಡರೆ ಎಣ್ಣೆ ಹಚ್ಚಿ ಆಡಿಸಬೇಡಿ, ವೈದ್ಯರಿಗೆ ತೋರಿಸಿ.

ದೇಹ ಸರಿಯಿದೆ, ಆದರೂ ಮನಸ್ಸಿಲ್ಲ

ಊಟ, ನಿದ್ದೆ, ರಕ್ತ ಎಲ್ಲ ಸರಿಯಿದ್ದೂ ಮಗು ಮೈದಾನದ ಹೆಸರೆತ್ತಿದರೆ ಮುಖ ಸಣ್ಣ ಮಾಡಬಹುದು. ಕ್ರೀಡಾ ಮನೋವಿಜ್ಞಾನಿಗಳು ‘ಬರ್ನ್‌ಔಟ್’ ಎನ್ನುವ ಸ್ಥಿತಿಗೆ ಮೂರು ಗುರುತು ಹೇಳುತ್ತಾರೆ: ಮೈ-ಮನಸ್ಸು ಎರಡೂ ಬತ್ತಿಹೋಗುವುದು, ಎಷ್ಟು ಮಾಡಿದರೂ ಏನೂ ಆಗುತ್ತಿಲ್ಲ ಅನ್ನಿಸುವುದು, ಇಷ್ಟದ ಆಟವೇ ಬೇಡವಾಗುವುದು. ಮೂರನೆಯದನ್ನು ನಾವು ಬೇಗ ಗಮನಿಸುತ್ತೇವೆ, ಬೈಯುತ್ತೇವೆ. ಅದು ಬರುವ ಮೊದಲು ಉಳಿದೆರಡು ಬಂದು ಹೋಗಿರುವುದು ನಮಗೆ ಕಂಡಿರುವುದಿಲ್ಲ.

ಇಲ್ಲಿ ಸಾಮಾನ್ಯವಾಗಿ ಬಳಸುವ ಅಸ್ತ್ರ ಬಹುಮಾನ. ರಾಜ್ಯ ಮಟ್ಟದಲ್ಲಿ ಗೆದ್ದರೆ ಸೈಕಲ್, ಮೆಡಲ್ ತಂದರೆ ಮೊಬೈಲ್. ಇದರ ಬಗ್ಗೆ 1973ರಲ್ಲಿ ಪ್ರಕಟವಾದ ಒಂದು ಪ್ರಯೋಗ ಪ್ರಸಿದ್ಧ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನರ್ಸರಿ ಶಾಲೆಯಲ್ಲಿ ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಚಿತ್ರ ಬಿಡಿಸಿದರೆ ಚಿನ್ನದ ಬಣ್ಣದ ಮುದ್ರೆ, ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಕೊನೆಗೆ ಕೊಟ್ಟರು. ಮೂರನೆಯದಕ್ಕೆ ಕೊಡಲೇ ಇಲ್ಲ. ಒಂದೆರಡು ವಾರದ ನಂತರ ಯಾರೂ ಹೇಳದೆ ಬಿಟ್ಟಾಗ, ಬಹುಮಾನದ ಆಸೆ ತೋರಿಸಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಹೇಳದೆ ಕೊಟ್ಟ ಬಹುಮಾನದಿಂದ ಏನೂ ಕೆಡಲಿಲ್ಲ.

ಇದು ಪುಟ್ಟ ಮಕ್ಕಳ, ಚಿತ್ರದ ವಿಷಯ. ಕಬಡ್ಡಿಗೆ ನೇರವಾಗಿ ಹಚ್ಚಿ ‘ಬಹುಮಾನವೇ ಬೇಡ’ ಎನ್ನುವುದು ಅತಿಯಾದೀತು. ಬಡ ಮನೆಯ ಮಗುವಿಗೆ ಶೂ ಕೊಡಿಸುವುದು ಆಮಿಷವಲ್ಲ, ಅಗತ್ಯ. ನಮ್ಮ ತಕರಾರು ‘ಗೆದ್ದರೆ ಮಾತ್ರ’ ಎಂಬ ಕರಾರಿನ ಬಗ್ಗೆ. ಸೀಸನ್ ಕೊನೆಯಲ್ಲಿ ಎದುರಾಳಿಗಳು ಗಟ್ಟಿಯಾಗುತ್ತಾ ಹೋಗುತ್ತಾರೆ, ಗೆಲುವು ಮಗುವಿನ ಕೈಯಲ್ಲಿ ಇರುವುದಿಲ್ಲ. ಕೈಯಲ್ಲಿ ಇಲ್ಲದ್ದರ ಮೇಲೆ ಸೈಕಲ್ ತೂಗುಹಾಕಿದರೆ ಆಡುವಾಗ ಕಣ್ಣಿಗೆ ಸೈಕಲ್ಲೇ ಕಾಣುತ್ತದೆ.

ಹಾಗಾದರೆ ಏನು ಮಾಡಿದರೆ ಮಕ್ಕಳು ಆಟದಲ್ಲಿ ಉಳಿಯುತ್ತಾರೆ? ನಮಗೆ ಸಿಕ್ಕ ಅತ್ಯಂತ ಉಪಯುಕ್ತ ಉತ್ತರ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮೋಲ್ ಅವರದ್ದು. ಮಕ್ಕಳ ಬೇಸ್‌ಬಾಲ್ ತಂಡಗಳ ಕೋಚ್‌ಗಳಿಗೆ ಅವರು ಕೆಲವೇ ಗಂಟೆಗಳ ತರಬೇತಿ ಕೊಟ್ಟರು. ಅದರಲ್ಲಿ ಆಟದ ತಂತ್ರ ಇರಲಿಲ್ಲ, ಮಕ್ಕಳ ಜೊತೆ ಮಾತಾಡುವ ರೀತಿ ಇತ್ತು. ಪ್ರಯತ್ನ ಕಂಡ ಕೂಡಲೇ ಹೇಳಿ. ತಪ್ಪಾದಾಗ ಮೊದಲು ಧೈರ್ಯ ತುಂಬಿ, ಆಮೇಲೆ ಹೇಗೆ ಸರಿಮಾಡುವುದು ಎಂದು ತೋರಿಸಿ, ಶಿಕ್ಷೆ ಕೊಡಬೇಡಿ. ಇಷ್ಟೇ. 1992ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ತರಬೇತಿ ಪಡೆಯದ ಕೋಚ್‌ಗಳ ತಂಡದಿಂದ ಮುಂದಿನ ವರ್ಷ ಶೇ. 26ರಷ್ಟು ಮಕ್ಕಳು ಆಟ ಬಿಟ್ಟಿದ್ದರು. ತರಬೇತಿ ಪಡೆದವರ ತಂಡದಿಂದ ಬಿಟ್ಟವರು ಶೇ. 5 ಮಾತ್ರ. ಎರಡೂ ಕಡೆಯ ತಂಡಗಳು ಗೆದ್ದ, ಸೋತ ಪಂದ್ಯಗಳ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. ಅಂದರೆ ಮಕ್ಕಳು ಉಳಿದದ್ದು ಗೆದ್ದದ್ದಕ್ಕಲ್ಲ. ಅಧ್ಯಯನ ಚಿಕ್ಕದು, ಹುಡುಗರ ಮೇಲಷ್ಟೇ ನಡೆದದ್ದು. ಹಾಗಿದ್ದರೂ 26 ಮತ್ತು 5ರ ನಡುವಿನ ಅಂತರ ಸಣ್ಣದಲ್ಲ.

ನಮ್ಮ ಮೈದಾನಗಳಲ್ಲಿ ಕ್ಯಾಚ್ ಬಿಟ್ಟರೆ ಐದು ರೌಂಡ್ ಓಟ ಶಿಕ್ಷೆ. ಓಟವನ್ನೇ ಶಿಕ್ಷೆ ಮಾಡಿಬಿಟ್ಟ ಮೇಲೆ ಓಡಲು ಮನಸ್ಸಿಲ್ಲ ಎಂದು ಮಗುವನ್ನು ಬೈಯುವುದು ತಮಾಷೆಯೇ ಸರಿ. ಪಿ.ಟಿ. ಮೇಷ್ಟ್ರನ್ನು ದೂರುವುದು ನಮ್ಮ ಉದ್ದೇಶವಲ್ಲ. ಎಷ್ಟೋ ಶಾಲೆಗಳಲ್ಲಿ ಇಡೀ ಶಾಲೆಗೆ ಒಬ್ಬರೇ ಇರುತ್ತಾರೆ, ಕೆಲವು ಕಡೆ ಒಬ್ಬರೂ ಇರುವುದಿಲ್ಲ. ಆದರೆ ಮಾತು ಬದಲಿಸಿಕೊಳ್ಳಲು ದುಡ್ಡು ಬೇಕಿಲ್ಲ. ‘ಕಣ್ಣು ಕಾಣಲ್ವಾ?’ ಬದಲು ‘ಓಡಿ ತಲುಪಿದ್ದು ಚೆನ್ನಾಗಿತ್ತು, ಮುಂದಿನ ಸಲ ಕೈ ಇನ್ನೂ ಸ್ವಲ್ಪ ಕೆಳಗಿಡು’ ಎಂದರಾಯಿತು.

ಬೆಂಚ್ ಮೇಲೆ ಕೂತವರನ್ನು ಮರೆಯಬೇಡಿ. ಕಬಡ್ಡಿಯಲ್ಲಿ ಅಂಗಳಕ್ಕೆ ಇಳಿಯುವವರು 7 ಮಂದಿ. ಉಳಿದವರು ಪ್ರತಿ ಪಂದ್ಯಕ್ಕೂ ಬಸ್ಸಿನಲ್ಲಿ ಬಂದು, ನೀರಿನ ಬಾಟಲಿ ಹಿಡಿದು, ಹಿಂತಿರುಗುತ್ತಾರೆ. ಮೂರು ತಿಂಗಳು ಹೀಗಾದರೆ ಯಾರಿಗೆ ತಾನೇ ಮನಸ್ಸಿರುತ್ತದೆ? ವಾರಕ್ಕೊಂದು ಸಲ ತಂಡವನ್ನು ಕಲಸಿ ಎರಡು ಗುಂಪು ಮಾಡಿ ಆಡಿಸಿ, ಎಲ್ಲರೂ ಆಡಲೇಬೇಕು. ಆ ದಿನ ಯಾವ ಆಟ ಆಡಬೇಕು, ವಾರ್ಮ್‌ಅಪ್ ಯಾರು ಮಾಡಿಸಬೇಕು ಎನ್ನುವುದನ್ನು ಮಕ್ಕಳೇ ಹೇಳಲಿ. ಸ್ವಲ್ಪವಾದರೂ ತನ್ನ ಮಾತು ನಡೆಯುವ ಜಾಗಕ್ಕೆ ಮಗು ಬರಲು ಇಷ್ಟಪಡುತ್ತದೆ.

ಮೈಕೆಲ್ ಜೋರ್ಡನ್ ಕತೆಯೂ ಇದನ್ನೇ ಹೇಳುತ್ತದೆ, ಆದರೆ ಫಾರ್ವರ್ಡ್‌ನಲ್ಲಿ ಬರುವ ರೀತಿಯಲ್ಲಿ ಅಲ್ಲ. ಶಾಲಾ ತಂಡದಿಂದ ಹೊರಹಾಕಿದರು, ಛಲದಿಂದ ಜಗತ್ತು ಗೆದ್ದ ಎನ್ನುತ್ತದೆ ಫಾರ್ವರ್ಡ್. ನಡೆದದ್ದು ಇಷ್ಟು: 1978ರಲ್ಲಿ, ಹತ್ತನೇ ತರಗತಿಯಲ್ಲಿದ್ದಾಗ, ಅವರನ್ನು ಶಾಲೆಯ ಮುಖ್ಯ ತಂಡಕ್ಕೆ ತೆಗೆದುಕೊಳ್ಳದೆ ಜೂನಿಯರ್ ತಂಡಕ್ಕೆ ಹಾಕಿದರು. ಅಲ್ಲಿ ಆ ವರ್ಷ ಅವರಿಗೆ ಆಡಲು ಬೇಕಾದಷ್ಟು ಅವಕಾಶ ಸಿಕ್ಕಿತು, ಅವರೇ ತಂಡದ ದೊಡ್ಡ ಆಟಗಾರರಾದರು. ಬೇಸರ, ಹಟ ಇದ್ದದ್ದು ನಿಜ. ಅದರ ಜೊತೆ ಆಡಲು ಅಂಗಳವೂ ಇತ್ತು.

ಮನೆಯವರಿಗೆ ಎರಡು ಮಾತು. ಸೋತು ಬಂದ ಮಗುವನ್ನು ಬೈಕ್ ಹತ್ತಿಸಿಕೊಂಡು ಬರುವಾಗ ದಾರಿಯಲ್ಲೇ ಪಂದ್ಯದ ವಿಚಾರಣೆ ಶುರು ಮಾಡಬೇಡಿ. ‘ಊಟ ಮಾಡಿದ್ಯಾ ಪುಟ್ಟ?’ ಸಾಕು. ಆಟದ ಮಾತು ಮಗುವೇ ಎತ್ತಲಿ. ಇನ್ನು, ಎಸ್ಸೆಸ್ಸೆಲ್ಸಿ ವರ್ಷ ಎಂದು ಆಟ ಪೂರ್ತಿ ನಿಲ್ಲಿಸುವವರು ಗಮನಿಸಿ: ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2010ರಲ್ಲಿ ಈ ಬಗೆಯ ಅಧ್ಯಯನಗಳನ್ನೆಲ್ಲ ಜಾಲಾಡಿದಾಗ, ಶಾಲೆಯ ದೈಹಿಕ ಚಟುವಟಿಕೆಗೂ ಓದಿಗೂ ಅರ್ಧದಷ್ಟು ಹೋಲಿಕೆಗಳಲ್ಲಿ ಒಳ್ಳೆಯ ಸಂಬಂಧ ಕಂಡಿತು, ಉಳಿದವುಗಳಲ್ಲಿ ಬಹುತೇಕ ಯಾವ ಪರಿಣಾಮವೂ ಕಾಣಲಿಲ್ಲ. ಕೆಟ್ಟ ಪರಿಣಾಮ ಕಂಡದ್ದು ಶೇ. 1.5ರಲ್ಲಿ ಮಾತ್ರ. ದಿನಕ್ಕೆ ನಾಲ್ಕು ಗಂಟೆ ಬೇಡ, ಒಂದು ಗಂಟೆ ಇರಲಿ.

ಕೊನೆಯ ಪಂದ್ಯ ಮುಗಿದ ಮೇಲೆ ಮಗು ಏನು ಮಾಡಬೇಕು? ಅಮೆರಿಕದ ಮಕ್ಕಳ ವೈದ್ಯರ ಸಂಘ 2007ರಲ್ಲೇ ಹೇಳಿದೆ: ವಾರಕ್ಕೆ ಒಂದೆರಡು ದಿನ ಪೂರ್ತಿ ಬಿಡುವು, ವರ್ಷದಲ್ಲಿ ಎರಡು-ಮೂರು ತಿಂಗಳು ಆ ಒಂದು ಆಟದಿಂದ ದೂರ. ಒಂದೊಂದೇ ತಿಂಗಳಾಗಿ ಬಿಡಿಬಿಡಿಯಾಗಿ ಕೊಟ್ಟರೂ ಆಗುತ್ತದೆ. ಬಿಡುವೆಂದರೆ ಹಾಸಿಗೆ ಹಿಡಿಯುವುದಲ್ಲ. ಓಟಗಾರ್ತಿ ಶಟಲ್ ಆಡಲಿ, ಕಬಡ್ಡಿ ಹುಡುಗ ಈಜಲಿ, ಸೈಕಲ್ ತುಳಿಯಲಿ, ಬೀದಿಯಲ್ಲಿ ಚಿನ್ನಿದಾಂಡು ಆಡಲಿ. ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂದ ಮರುದಿನವೇ ಅದೇ ಆಟದ ಸಮ್ಮರ್ ಕ್ಯಾಂಪಿಗೆ ದುಡ್ಡು ಕಟ್ಟುವ ಮೊದಲು, ಹೋಗಲು ಇಷ್ಟವಿದೆಯೇ ಎಂದು ಮಗುವನ್ನು ಒಮ್ಮೆ ಕೇಳಿ. ಬೇಡ ಎಂದರೆ ಈ ವರ್ಷಕ್ಕೆ ಬಿಡಿ.